ಹೊಟ್ಟಿನ ಬುತ್ತಿ

ಮೋರಟಗಿಯ ಸೀತವ್ವನಿಗೆ ಬೈಯಲು ಬರುತ್ತಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಆ ವಿದ್ಯೆಯನ್ನು ಅವಳಿಗೆ ಕಲಿಸಿದವನು ಹೆತ್ತ ಮಗ ಮುತ್ತುರಾಜ.

“ಯವ್ವಾ, ಹಂಗಲ್ಲ. ಕಣ್ಣ ದೊಡ್ಡವು ಮಾಡು. ಒಂದ ಕೈ ಸೊಂಟದ ಮ್ಯಾಲೆ ಇಡು. ‘ನಿಮ್ಮವ್ವ ನಿನಗ ಇಷ್ಟ ಕಲಿಸ್ಯಾಳೇನ’ ಅನ್ನು.”

“ಬೀಗತಿನ ಯಾಕ ನಡುವ ತರ್ತೀಯೋ? ಪಾಪ, ಆಕಿ ಮುದ್ದೇಬಿಹಾಳದಾಗ ತನ್ನ ಪಾಡಿಗೆ ತಾ ಅದಾಳ.”

“ಆಕಿನ್ನ ತಂದ್ರ ವಿಡಿಯೋ ಓಡತೈತಿ.”

ಸೊಸೆ ಸಾಕ್ಷಿ ನೆಲದ ಮೇಲೆ ಕೂತು, ಅತ್ತಂತೆ ಕಾಣಲು ಕಣ್ಣಿನ ಕೆಳಗೆ ನೀರು ಹಚ್ಚಿಕೊಳ್ಳುತ್ತಿದ್ದಳು. “ಅನ್ರಿ ಅತ್ತಿ. ನಮ್ಮವ್ವಗ ನಾ ತಿಳಿಸಿ ಹೇಳ್ತೇನಿ. ಆಕಿ ಏನೂ ಮನಸಿನ್ಯಾಗ ಇಟ್ಕೊಳ್ಳಂಗಿಲ್ಲ,” ಎಂದು ಅವಳೇ ಧೈರ್ಯ ಹೇಳಿದಳು. ಸೀತವ್ವ ಸೊಂಟದ ಮೇಲೆ ಕೈ ಇಟ್ಟು ಅಂದಳು. ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮುತ್ತುರಾಜ ನಗುವನ್ನು ಕತ್ತರಿಸಿ, ಬೈಗುಳವನ್ನು ಮಾತ್ರ ಉಳಿಸಿಕೊಂಡ.

ಬೈಗುಳಕ್ಕೆ ಮೊದಲು ಅವನು ತಾಯಿಯ ಒಳ್ಳೆಯ ಕೆಲಸವನ್ನೇ ತೋರಿಸಲು ಹೋಗಿದ್ದ ಎನ್ನುವುದನ್ನೂ ಹೇಳಬೇಕು. ಸೀತವ್ವ ಕೂಸುಗಳಿಗೆ ಎರೆಯುವವಳು. ಹೆರಿಗೆಗಳೆಲ್ಲ ಈಗ ಸಿಂದಗಿಯ ದವಾಖಾನೆಯಲ್ಲೇ ಆಗುತ್ತವೆ, ಸರಿ. ಆದರೆ ದವಾಖಾನೆಯವರು ಮನೆಗೆ ಬಂದು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವುದಿಲ್ಲವಲ್ಲ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂಗು ತಿದ್ದಿ, ತಲೆ ತಟ್ಟಿ, ಬಿಸಿನೀರು ಹೊಯ್ದು, ಹೊಗೆ ಹಾಕಿ ಬಟ್ಟೆಯಲ್ಲಿ ಸುತ್ತಿಟ್ಟಳೆಂದರೆ ಆ ಕೂಸು ಮಧ್ಯಾಹ್ನದ ತನಕ ಏಳುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಊರಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಎದ್ದವರು. ಅವಳಿಗೆ ಕುಡಿಯಲು ನೀರನ್ನು ಮೇಲಿನಿಂದ ಹೊಯ್ಯುವ ಮನೆಗಳವರೂ ಕೂಸಿಗೆ ನೀರು ಹಾಕಲು ಮಾತ್ರ ಒಳಗಿನ ಬಚ್ಚಲಿನವರೆಗೆ ಕರೆಯುತ್ತಿದ್ದರು. ಕೊಡುತ್ತಿದ್ದದ್ದು ಒಂದು ಸೀರೆ, ಒಂದಿಷ್ಟು ಜೋಳ, ಮೇಲಷ್ಟು ರೊಕ್ಕ. ಗಂಡ ಭೀಮಶ್ಯಾ ಕಾಲುವೆಯ ಮೇಲೆ ದಿನಗೂಲಿ ನೀರಗಂಟಿ. ಆಲಮಟ್ಟಿಯಿಂದ ನೀರು ಬಿಟ್ಟರೆ ಕೂಲಿ, ನಿಲ್ಲಿಸಿದರೆ ಕೂಲಿಯೂ ನಿಂತಿತು. ಹೀಗಾಗಿ ಮನೆ ನಡೆದದ್ದು ಹೆಚ್ಚಾಗಿ ಸೀತವ್ವನ ಕಾಲ ಮೇಲೆಯೇ.

ಮುತ್ತುರಾಜ ಸಿಂದಗಿಯಲ್ಲಿ ಅಬ್ದುಲಗನಿಯ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಫೋನು ಕೊಳ್ಳಲು ಬಂದ ಹುಡುಗರು ತಿಂಗಳಿಗೆ ಅಷ್ಟು ಬರುತ್ತದೆ, ಇಷ್ಟು ಬರುತ್ತದೆ ಎಂದು ಹೇಳುವುದನ್ನು ಕೇಳಿ ಕೇಳಿ ಕೆಲಸ ಬಿಟ್ಟು ಬಂದ. ಒಂದು ಬೊಂಬೆ ತಂದು ತಾಯಿಯ ಕಾಲ ಮೇಲೆ ಮಲಗಿಸಿ ‘ಕೂಸಿಗೆ ಎರೆಯುವ ಬಗೆ’ ಎಂದು ಹನ್ನೊಂದು ವಿಡಿಯೋ ಮಾಡಿದ. ನೋಡಿದವರು ಏಳು ನೂರು ಮಂದಿ, ಅದರಲ್ಲಿ ಐವತ್ತು ಸಲ ಅವನೇ. ಒಂದು ದಿನ ಸಾಕ್ಷಿ ಹಾಲಿನ ಪಾತ್ರೆ ಮುಚ್ಚದೆ ಬಿಟ್ಟಿದ್ದರಿಂದ ಬೆಕ್ಕು ಕುಡಿಯಿತು. “ಬೆಕ್ಕಿಗಿ ಕಣ್ಣ ಅದಾವ, ನಿನಗಿಲ್ಲೇನ?” ಎಂದು ಸೀತವ್ವ ಅಂದಳು. ಅವನ ಕೈಯಲ್ಲಿ ಫೋನು ತೆರೆದೇ ಇತ್ತು. ಅದನ್ನು ಎರಡು ಲಕ್ಷ ಮಂದಿ ನೋಡಿದರು. ಒಳ್ಳೆಯದಕ್ಕೆ ಏಳು ನೂರು, ಕೆಟ್ಟದ್ದಕ್ಕೆ ಎರಡು ಲಕ್ಷ! ಜಗತ್ತಿನ ಧಾರಣೆ ಗೊತ್ತಾದ ಮೇಲೆ ವ್ಯಾಪಾರಿ ಸುಮ್ಮನೆ ಕೂಡುತ್ತಾನೆಯೇ?

ದಿನಾ ಊಟಕ್ಕೆ ಕೂತಾಗ ಅದೇ ಪಾಠ. ಸೀತವ್ವ ರೊಟ್ಟಿ ಬಡಿಯುತ್ತಿದ್ದಳು, ಮಗ ತಿಳಿಸಿ ಹೇಳುತ್ತಿದ್ದ.

“ನೋಡವಾ, ಬರೇ ವಿಡಿಯೋಕ್ಕ ಸಿಗೂದು ಪುಡಿಗಾಸು. ಖರೇ ರೊಕ್ಕ ಇರೂದು ಪ್ರಮೋಷನ್ನಿನ್ಯಾಗ. ಮಂದಿ ನೋಡಾಕತ್ರು ಅಂದ್ರ ಅಂಗಡಿಯವ್ರು ತಾವ ಬರ್ತಾರ. ಲೈವ್ ಕುಂತ್ರ ಗಿಫ್ಟ ಕಳಸ್ತಾರ. ವಿಡಿಯೋದ ಕೆಳಗ ಒಂದ ಲಿಂಕ್ ಇಟ್ಟಿರ್ತೇವಿ, ಅದನ್ನ ಒತ್ತಿ ಯಾರರ ಕುಕ್ಕರ್ ತಗೊಂಡ್ರ ನಮಗ ಕಮಿಷನ್.”

“ನಾ ಬೈದ್ರ ಅವರು ಕುಕ್ಕರ್ ಯಾಕ ತಗೋತಾರೋ?”

“ಅದನ್ನೆಲ್ಲ ಕೇಳಬ್ಯಾಡ. ಗಾಳಿ ಬಂದಾಗ ತೂರ್ಕೋಬೇಕು.”

ಕೆಂಪಗೆ ಉಬ್ಬಿದ ಮೊದಲ ರೊಟ್ಟಿ ಎಂದಿನಂತೆ ಬಸುರಿ ಸೊಸೆಯ ತಾಟಿಗೆ ಬಿತ್ತು. ಆ ದಿನದ ವಿಡಿಯೋದಲ್ಲಿ ಇದೇ ಸೀತವ್ವ ಅದೇ ಸೊಸೆಗೆ ಎಂಟು ದಿನದ ಕಟಕ ರೊಟ್ಟಿ ಎಸೆದಿದ್ದಳು. ಸಾಕ್ಷಿ ಬಿಸಿ ರೊಟ್ಟಿಯನ್ನು ಮೆಂತೆ ಪಲ್ಯದಲ್ಲಿ ಅದ್ದಿಕೊಳ್ಳುತ್ತ ಫೋನು ನೋಡಿ ನಕ್ಕಳು.

“ಅತ್ತಿ, ನಿಮ್ಮನ್ನ ಜೇಲಿಗೆ ಹಾಕ್ರಿ ಅಂತ ಬರದಾರ.”

“ಅಯ್ಯ ಶಿವನ! ಜೇಲಿನ್ಯಾಗ ನಿನಗ ರೊಟ್ಟಿ ಯಾರ ಬಡಿದು ಕೊಡ್ತಾರ?”

ನಗು ಮನೆ ತುಂಬಿತು. ಭೀಮಶ್ಯಾ ಮಾತ್ರ ನಗಲಿಲ್ಲ. ಅವನು ತಾಟಿಗೆ ನೀರು ಹಾಕಿ ಕೈ ತೊಳೆದು, “ಚ್ಯಾಷ್ಟಿ ಎಲ್ಲಿಗಿ ಮುಟ್ಟತೈತಿ ನೋಡ್ರಿ,” ಎಂದು ಎದ್ದ. ಯಾರೂ ನೋಡಲಿಲ್ಲ. ಆ ತಿಂಗಳು ಮನೆಯ ಮೇಲಿನ ಸೋರುವ ಪತ್ರಾಸಿನ ತಗಡು ಬದಲಾಯಿತು, ಬಾಗಿಲಿಗೆ ಹೊಸ ಬಣ್ಣ ಬಂತು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋಕ್ಕೆ ಹೊಸ ಕಟ್ಟು ಹಾಕಿಸಿದರು. ಸಿಂದಗಿಯ ಒಂದು ಸೀರೆ ಅಂಗಡಿಯವರು, ಅತ್ತೆ ಸೊಸೆಯ ಹೊಸ ಸೀರೆ ಕಸಿದುಕೊಳ್ಳುವ ವಿಡಿಯೋ ಮಾಡಿಸಿ ಎರಡು ಸೀರೆ ಮತ್ತು ಕೈತುಂಬ ರೊಕ್ಕ ಕೊಟ್ಟರು. ಸೀತವ್ವ ತನಗೆ ಬಂದ ಸೀರೆಯನ್ನೂ ಸಾಕ್ಷಿಗೇ ಕೊಟ್ಟಳು.

ಏಳನೆಯ ತಿಂಗಳು ಬಿತ್ತು. ಕುಬಸ ಮಾಡಲು ಮುದ್ದೇಬಿಹಾಳದಿಂದ ಸಾಕ್ಷಿಯ ತಾಯಿ ಜಯಮಾಲಾ ಬಯಕೆಯ ಬುತ್ತಿ ಹೊತ್ತು ಬರುವುದೆಂದು ಗೊತ್ತಾಯಿತು. ಹಿಂದಿನ ದಿನ ಸಾಕ್ಷಿಯೇ ಒಂದು ಯೋಚನೆ ತೆಗೆದಳು. ಇದನ್ನು ನೆನಪಿಡಿ, ತೆಗೆದವಳು ಅವಳೇ.

“ತವರಿನಿಂದ ಬುತ್ತಿ ಬರ್ತೈತಿ. ಅತ್ತಿ ಅದನ್ನ ಅಂಗಳಕ್ಕ ಚೆಲ್ತಾಳ. ನಾ ಆರಿಸ್ಕೋತ ಅಳ್ತೇನಿ. ಹೆಂಗ?”

ಮುತ್ತುರಾಜ ತೊಡೆ ತಟ್ಟಿದ. “ಹತ್ತು ಲಕ್ಷ ಖಾತ್ರಿ!”

ಸೀತವ್ವನ ಮುಖ ಬಾಡಿತು. “ಬಾಯಿ ತೊಳ್ಕೋ ಸಾಕ್ಷಿ. ಬಯಕಿ ಬುತ್ತಿ ಅಂದ್ರ ಹೊಟ್ಟಿಯೊಳಗಿನ ಕೂಸಿನ ಪಾಲು. ಅದನ್ನ ಚೆಲ್ಲಿದ ಕೈಲೆ ನಾ ನಾಳಿ ಯಾವ ಕೂಸಿಗಿ ಎರೀಲಿ? ಆಗಂಗಿಲ್ಲ.”

“ಖರೇ ಬುತ್ತಿ ಅಲ್ರಿ ಅತ್ತಿ.”

“ಯಾವ ಬುತ್ತಿನೂ ಅಲ್ಲ. ಅನ್ನ ಅನ್ನನ.”

ಒಂದು ತಾಸು ವಾದ ನಡೆಯಿತು. ಕೊನೆಗೆ ದಾರಿ ಕಂಡುಕೊಂಡವಳು ಸೀತವ್ವನೇ. ಅವಳ ಕೇಡಿಗೆ ಅವಳದೇ ಜಾಣತನ. ಹಿತ್ತಲಿಗೆ ಹೋಗಿ ಬುಟ್ಟಿಯ ತುಂಬ ತೊಗರಿಯ ಹೊಟ್ಟು ತುಂಬಿಕೊಂಡು ಬಂದಳು. ಮೇಲೆ ಒಗೆದ ಬಿಳಿ ಅರಿವೆ ಕಟ್ಟಿದಳು. ಒಂದು ಕಾಳು ಉಳಿದಿಲ್ಲವಷ್ಟೇ ಎಂದು ಬೆರಳಾಡಿಸಿ ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತು, ಸೊಂಟದ ಮೇಲೆ ಕೈ ಇಟ್ಟು, ಮಗ ಹೇಳಿಕೊಟ್ಟ ಮಾತು ಆಡಿ ಬುಟ್ಟಿಯನ್ನು ಎತ್ತಿ ಒಗೆದಳು. ಸಾಕ್ಷಿ ಅರಿವೆಯನ್ನು ಎದೆಗೆ ಅವಚಿಕೊಂಡು ಅತ್ತಳು. ಮುಗಿದ ಮೇಲೆ ಸೀತವ್ವ ಹೊಟ್ಟನ್ನು ಬಳಿದು ಆಡಿನ ಮುಂದೆ ಹಾಕಿ, ಪಾಪ ತಗಲಲಿಲ್ಲ ಎಂದು ನಿರಾಳವಾದಳು.

ಅನ್ನದೇವರ ಕಣ್ಣಿಗೆ ಹೆದರಿದ ಹೆಂಗಸು ಮಂದಿಯ ಕಣ್ಣನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬುತ್ತಿಯೊಳಗೆ ಏನಿತ್ತೆಂದು ಫೋನು ತೋರಿಸುವುದಿಲ್ಲ. ಅದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಒಬ್ಬರು ಹೋಳಿಗೆ ತುಂಬಿದರು, ಒಬ್ಬರು ಕಡಬು ತುಂಬಿದರು. ಒಂದೇ ದಿನದಲ್ಲಿ ಹದಿನಾಲ್ಕು ಲಕ್ಷ ಮಂದಿ ಸೀತವ್ವ ಚೆಲ್ಲಿದ ಹೋಳಿಗೆಯನ್ನು ಕಂಡರು.

ಮರುದಿನ ಕುಬಸಕ್ಕೆ ಬಂದ ಜಯಮಾಲಾ ಜೀಪಿನಿಂದ ಇಳಿಯುವಾಗಲೇ ಮುಖ ಬಿಗಿದುಕೊಂಡಿದ್ದಳು. ಜೊತೆಗೆ ಬಂದ ಹೆಂಗಸರು ಬುತ್ತಿಯನ್ನು ಸೀತವ್ವನ ಕೈಗೆ ಕೊಡದೆ ನೇರ ಒಳಗೊಯ್ದು ಇಟ್ಟರು. ಸೀತವ್ವ ನಗುನಗುತ್ತ ನೀರು ಕೊಟ್ಟು, “ಸಾಕ್ಷಿ ಹೇಳ್ಯಾಳಲ್ಲರಿ ಬೀಗತಿ? ಅದೆಲ್ಲ ಆಟ. ಅದರಾಗ ಇದ್ದದ್ದು ತೊಗರಿ ಹೊಟ್ಟು,” ಎಂದಳು.

“ಹೇಳ್ಯಾಳ. ನನಗ ತಿಳೀತೈತಿ. ನಮ್ಮೂರಿಗೆಲ್ಲ ಮನಿಮನಿಗಿ ಹೋಗಿ ಯಾರ ತಿಳಿಸೂದು ಬೀಗತಿ?” ಎಂದು ಜಯಮಾಲಾ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಉಡಿ ತುಂಬಿ, ಹಸಿರು ಸೀರೆ ಉಡಿಸಿ, ಮಗಳನ್ನು ಅದೇ ಜೀಪಿನಲ್ಲಿ ಕರೆದುಕೊಂಡು ಹೋದಳು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದು ನ್ಯಾಯವೇ. ಆದರೆ ಹೆರಿಗೆಗೆ ಬರ್ರಿ, ಕೂಸಿಗೆ ಎರೆಯಲು ಬರ್ರಿ ಎಂಬ ಒಂದು ಮಾತು ಬೀಗತಿಯ ಬಾಯಿಂದ ಬರಲಿಲ್ಲ. ಊರ ಕೂಸುಗಳಿಗೆಲ್ಲ ಎರೆದವಳಿಗೆ ತನ್ನ ಮನೆಯ ಮೊದಲ ಕೂಸಿಗೆ ಎರೆಯುವ ಆಸೆ ಎಷ್ಟಿರಬೇಡ? ಸೀತವ್ವ ಜೀಪು ತಿರುಗುವ ತನಕ ನಿಂತು ನೋಡಿದಳು.

ಆ ವಾರವೇ ಊರೊಳಗೂ ಸುರುವಾಯಿತು. ಊರ ಅಗಸೆಬಾಗಿಲ ಹತ್ತಿರದ ಮನೆಯಲ್ಲಿ ಹನ್ನೆರಡು ದಿನದ ಕೂಸಿತ್ತು. ದಿನಾ ಹೋಗುತ್ತಿದ್ದ ಮನೆ. ಆ ಮನೆಯ ಸೊಸೆ ಬಾಗಿಲಲ್ಲೇ ನಿಂತು, “ನಾಳಿಂದ ಬ್ಯಾಡ್ರಿ ಸೀತವ್ವ, ನಮ್ಮತ್ತಿಯವರು ಬ್ಯಾಡಂದಾರ,” ಎಂದಳು.

“ಯಾಕವಾ, ಕೂಸಿಗಿ ಏನರ ಆಗೇತೇನ?”

“ಏನಿಲ್ಲ. ಬುತ್ತಿ ಚೆಲ್ಲಿದ ಕೈ ಅಂತಾರ.”

“ಅದು ಹೊಟ್ಟವಾ!”

“ನನಗೇನ ಗೊತ್ರಿ? ನಾವು ಹಿರ್ಯಾರ ಮಾತಿನ್ಯಾಗ ಇರಾವ್ರು.”

ಇನ್ನೆರಡು ಮನೆ ಹಾಗೆಯೇ ಹೋದವು. ಒಂದು ಮನೆಯವರು ಕಾರಣವನ್ನೂ ಹೇಳಲಿಲ್ಲ. ಬಸವನ ಬಾಗೇವಾಡಿಗೆ ಕೊಟ್ಟ ಮಗಳು ಕೋಮಲ ಫೋನು ಮಾಡಿ ಅತ್ತಳು. “ಯವ್ವಾ, ನಮ್ಮತ್ತಿ ದಿನಾ ಕೇಳ್ತಾಳ, ನಿಮ್ಮವ್ವನ ಹಂಗ ನೀನೂ ಬುತ್ತಿ ಚೆಲ್ಲಾಕಿ ಏನು ಅಂತ. ಸಂತ್ಯಾಗ ಮಂದಿ ನನ್ನ ಬೆರಳ ಮಾಡಿ ತೋರಿಸ್ತಾರ.” ಸೀತವ್ವ ಅವಳಿಗೂ ಹೊಟ್ಟಿನ ಮಾತು ಹೇಳಿದಳು. ಹೇಳಿ ಹೇಳಿ ಆ ಮಾತಿಗೆ ಅರ್ಥವೇ ಉಳಿಯದಂತಾಗಿತ್ತು.

ಕೈಬಿಡದೆ ನಿಂತವಳು ಒಬ್ಬಳೇ, ಆಚೆ ಓಣಿಯ ಬಾಳಮ್ಮ. ಬಾಳಮ್ಮನ ಮೊಮ್ಮಕ್ಕಳಿಬ್ಬರಿಗೆ ಎರೆದವಳು ಸೀತವ್ವ. ಮಗಳು ಪ್ರಜ್ಞಾ ಹೆರಿಗೆಗೆ ಬರುವವಳಿದ್ದಳು. ಬಾಳಮ್ಮ ನಲ್ಲಿಯ ಮುಂದೆ ಹತ್ತು ಕೊಡಗಳ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಮ್ಮ ಪ್ರಜ್ಞಾನ ಕೂಸಿಗಿ ಸೀತವ್ವನ ಎರೀಬೇಕು. ಫೋನಿನ್ಯಾಗ ಹುಲಿ ಹಾರತೈತಿ, ಅದನ್ನೂ ನಂಬ್ತೀರೇನ? ಇಪ್ಪತ್ತು ವರ್ಷ ಆತು ನಾ ಆಕಿ ಕೈ ನೋಡಾಕತ್ತು. ಆಕಿ ಬುತ್ತಿ ಚೆಲ್ಲಿಲ್ಲ ಅಂದ್ರ ಚೆಲ್ಲಿಲ್ಲ.”

ಆ ದಿನ ಸೀತವ್ವ ಹೊಟ್ಟೆತುಂಬ ಉಂಡಳು.

ಇತ್ತ ಮುತ್ತುರಾಜನ ಪೇಜು ಮಕಾಡೆ ಬಿತ್ತು. ಸೊಸೆಯಿಲ್ಲದ ಮನೆಯಲ್ಲಿ ಅತ್ತೆ ಗೋಡೆಗೆ ಬೈಯಬೇಕೇ? ಅಂಗಡಿಯವರು ಫೋನು ಎತ್ತುವುದನ್ನು ಬಿಟ್ಟರು. ಅಷ್ಟರಲ್ಲಿ ಮುದ್ದೇಬಿಹಾಳದಲ್ಲಿ ಕೂತು ಸಾಕ್ಷಿ ತನ್ನದೇ ಒಂದು ಪೇಜು ತೆರೆದಳು, ‘ತವರಿನ ಸಾಕ್ಷಿ’. ದಿನಾ ಒಂದು ನಿಮಿಷ, ಬಸುರಿ ಹೊಟ್ಟೆಯ ಮೇಲೆ ಕೈ ಇಟ್ಟು, ಅತ್ತೆಯ ಮನೆಯಲ್ಲಿ ತಾನು ಉಂಡ ಕಟಕ ರೊಟ್ಟಿಯ ಕಥೆ, ಕಸಿದುಕೊಂಡ ಸೀರೆಯ ಕಥೆ. ಅಳುತ್ತಿದ್ದಳು. ಈಗ ಕಣ್ಣಿಗೆ ನೀರು ಹಚ್ಚಿಕೊಳ್ಳುವ ಗರಜೂ ಇರಲಿಲ್ಲ, ಅಷ್ಟು ಪಳಗಿದ್ದಳು. ಅಕ್ಕಂದಿರು, ತಾಯಂದಿರು, ದುಬೈಯಲ್ಲಿರುವ ಅಣ್ಣಂದಿರು ಲೈವ್‌ನಲ್ಲಿ ಗಿಫ್ಟ್ ಸುರಿದರು.

ಭೀಮಶ್ಯಾ ಇದನ್ನು ಕಾಲುವೆಯ ಮೇಲೆ ಯಾರದೋ ಫೋನಿನಲ್ಲಿ ನೋಡಿ ಮನೆಗೆ ಬಂದ. ಮಗ ಉಣ್ಣುತ್ತಿದ್ದ.

“ನಿನ್ನ ಹೇಣ್ತಿ ನಿಮ್ಮವ್ವನ ಮಾನ ಕಳ್ಯಾಕತ್ತಾಳ. ನೀ ಅನ್ನ ಕಲಸಾಕತ್ತೀಯೇನ?”

“ಆಕಿ ಪೇಜ ನಂದಕಿಂತ ಚಲೋ ಓಡಾಕತ್ತೇತಿ ಅಪ್ಪಾ. ಹೊರಗಿನ ರೊಕ್ಕ ಅಲ್ಲ, ನಮ್ಮ ಮನಿ ರೊಕ್ಕನ.”

“ಅದರಾಗ ನಿಮ್ಮವ್ವನ ಹೆಸರು ಎಷ್ಟಕ್ಕ ಹೋತು?”

“ನೀ ಇಪ್ಪತ್ತು ವರ್ಷ ಕಾಲವಿ ಕಾದು ಏನ ಹೆಸರ ಗಳಿಸೀದಿ, ಹೇಳು? ಗಾಳಿ ಬಂದಾಗ ತೂರ್ಕೊಂಡೇವಿ.”

“ತೂರಿದ್ರ ಕಾಳ ಉಳೀಬೇಕಲೇ. ನಿನ್ನ ತೂರಾಟದಾಗ ಕಾಳ ಹಾರಿ ಹೊಟ್ಟ ಉಳದೈತಿ!”

ಭೀಮಶ್ಯಾ ಕೈ ಎತ್ತಿದ. ಸೀತವ್ವ ನಡುವೆ ಬಂದಳು. ಮಗನ ಕಡೆ ತಿರುಗಿ, ಬೇಡುವ ದನಿಯಲ್ಲಿ, “ನನಗ ರೊಕ್ಕ ಬ್ಯಾಡಪಾ. ಒಂದ ಮಾತ ಹೇಳಂತ ಹೇಳು ಆಕಿಗೆ. ಅದು ಹೊಟ್ಟಿತ್ತು ಅಂತ. ಅಷ್ಟ ಸಾಕು,” ಎಂದಳು. ಮುತ್ತುರಾಜ ಫೋನು ಹಚ್ಚಿ ಅವಳ ಕೈಗೇ ಕೊಟ್ಟ.

“ಹೇಳ್ತೇನಿ ಅತ್ತಿ, ಹೇಳೇ ಹೇಳ್ತೇನಿ,” ಎಂದಿತು ಸಾಕ್ಷಿಯ ದನಿ, ಮೊದಲಿನಷ್ಟೇ ಮೃದುವಾಗಿ. “ಬಾಣಂತನ ಒಂದ ಮುಗೀಲಿ. ಕೂಸಿನ ಎಣ್ಣಿ ಮಾರವ್ರು ಮೂರ ತಿಂಗಳದ ಮಾತ ಮುಗಿಸ್ಯಾರ. ಈಗ ಹೇಳಿದ್ರ ಪೇಜ ಬೀಳತೈತಿ. ನಿಮ್ಮ ಮೊಮ್ಮಕ್ಕಳ ಸಲವಾಗಿನ ಅಲ್ಲೇನ್ರಿ?”

ಮೊಮ್ಮಕ್ಕಳ ಹೆಸರು ತೆಗೆದ ಮೇಲೆ ಸೀತವ್ವ ಸೋತಳು. ಹೂಂ ಎಂದಳು.

ಹೆಣ್ಣು ಕೂಸು ಹುಟ್ಟಿತು. ಮುತ್ತುರಾಜ ಒಬ್ಬನೇ ಹೋಗಿ ನೋಡಿ ಬಂದ. ತೊಟ್ಟಿಲಿಗೆ ಹಾಕುವ ದಿನ ಹೆಸರಿಡಬೇಕಾದ ಸೋದರತ್ತೆ ಕೋಮಲಳನ್ನೂ ಕರೆಯಲಿಲ್ಲ. ‘ಮಂದಿ ಏನರ ಅಂದಾರು, ಸ್ವಲ್ಪ ದಿನ ಹೋಗಲಿ’ ಎಂದು ಜಯಮಾಲಾ ಹೇಳಿ ಕಳಿಸಿದಳು. ಸೀತವ್ವ ಮೊಮ್ಮಗಳನ್ನು ಮೊದಲು ಕಂಡದ್ದು ‘ತವರಿನ ಸಾಕ್ಷಿ’ಯಲ್ಲಿ, ಐದೂವರೆ ಲಕ್ಷ ಮಂದಿಯ ಜೊತೆಗೆ. ಯಾರೋ ಕೂಸಿಗೆ ಎಣ್ಣೆ ಹಚ್ಚುತ್ತಿದ್ದರು. ಕತ್ತಿಗೆ ಆಸರೆ ಕೊಡದೆ ಹಿಡಿದಿದ್ದರು. “ಕತ್ತ ಹಿಡಿ, ಕತ್ತ ಹಿಡಿ!” ಎಂದು ಸೀತವ್ವ ಫೋನಿಗೆ ಕೂಗಿದಳು.

ಐದನೆಯ ವಾರದಲ್ಲಿ ಮುತ್ತುರಾಜ ನಗುತ್ತ ಬಂದ. “ಯವ್ವಾ, ನಡಿ ಮುದ್ದೇಬಿಹಾಳಕ್ಕ. ಸಾಕ್ಷಿ ಕರದಾಳ. ಕೂಸಿಗಿ ನೀನ ಎರೀಬೇಕಂತ.”

ಸೀತವ್ವ ಕೂಡಲೇ ಎದ್ದಳು. ಕಡಲೆ ಹಿಟ್ಟು ಸೋಸಿ ಕಟ್ಟಿಕೊಂಡಳು, ಕೊಬ್ಬರಿ ಎಣ್ಣೆ ಕಾಸಿ ಆರಿಸಿ ಬಾಟಲಿಗೆ ತುಂಬಿದಳು. ಹಾದಿಯಲ್ಲಿ ಬಾಳಮ್ಮ ಸಿಕ್ಕಳು. ಪ್ರಜ್ಞಾ ಆಗಲೇ ಹೆತ್ತು ದವಾಖಾನೆಯಲ್ಲಿದ್ದಳು. “ನಾಡಿದ್ದ ಮನಿಗಿ ಬರ್ತಾಳ. ಲಗೂನ ಬಾ ಸೀತವ್ವ, ಮೊದಲನೇ ನೀರು ನಿಂದ,” ಎಂದು ಬಾಳಮ್ಮ ಕೂಗಿ ಹೇಳಿದಳು. ಎರಡೆರಡು ಕೂಸು! ತಾಳಿಕೋಟಿ ದಾಟುವ ತನಕ ಸೀತವ್ವ ಬಸ್ಸಿನಲ್ಲಿ ಒಂದೇ ಸಮನೆ ಮಾತಾಡಿದಳು. ಮುತ್ತುರಾಜ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ.

ಬೀಗತಿಯ ಮನೆಯ ಪಡಸಾಲೆಯಲ್ಲಿ ಮೂರು ಕಾಲಿನ ಮೇಲೆ ಫೋನು ನಿಲ್ಲಿಸಿದ್ದರು, ಪಕ್ಕದಲ್ಲಿ ಬೆಳಕಿನ ಬಳೆ. ಕೂಸು ಒಳಕೋಣೆಯಲ್ಲಿತ್ತು. ಸೀತವ್ವ ಕಾಲು ತೊಳೆದು ನೇರ ಅತ್ತ ನಡೆದಳು. ಜಯಮಾಲಾ ಬಾಗಿಲಿಗೆ ಅಡ್ಡ ನಿಂತಳು.

“ಕುಂಡರ್ರಿ ಬೀಗತಿ. ಮೊದಲ ಇದೊಂದು ಮುಗೀಲಿ.”

“ಯಾವುದು?”

ಸಾಕ್ಷಿ ಮುಂದೆ ಬಂದು ಅತ್ತೆಯ ಕಾಲು ಮುಟ್ಟಿದಳು, ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದಳು. “ದೊಡ್ಡದೇನಿಲ್ಲ ಅತ್ತಿ. ಮಂದಿ ದಿನಾ ಕೇಳಾಕತ್ತಾರ, ಅತ್ತಿ ಬಂದ್ಲೇನು, ತಪ್ಪ ಒಪ್ಪಿಕೊಂಡ್ಲೇನು ಅಂತ. ನೀವು ಒಂದ ಸಲ ಅನ್ರಿ: ‘ಬಯಕಿ ಬುತ್ತಿ ಚೆಲ್ಲಿದ್ದು ನನ್ನ ತಪ್ಪು, ಹೊಟ್ಟಿಕಿಚ್ಚಿಗಿ ಮಾಡಿದೆ, ಮಗಳ ಕ್ಷಮಾ ಮಾಡು.’ ಅಲ್ಲಿಗಿ ಜಗಳ ಮುಗೀತು. ಆಮ್ಯಾಲೆ ನೀವು ಕೂಸಿಗಿ ಎರೀತೀರಿ, ನಾವೆಲ್ಲ ಒಂದ ಅಂತ ತೋರಸ್ತೇವಿ. ಎಣ್ಣಿಯವ್ರಿಗೂ ಅದ ಬೇಕಾಗೇತಿ.”

ಸೀತವ್ವ ಮಗನ ಕಡೆ ನೋಡಿದಳು. ಅವನು ಫೋನಿನ ಎತ್ತರ ಸರಿಮಾಡುತ್ತಿದ್ದ.

“ನಾ ಚೆಲ್ಲಿದ್ದು ಹೊಟ್ಟು, ಸಾಕ್ಷಿ. ನಿನ್ನ ಕಣ್ಮುಂದನ ತುಂಬೇನಿ. ನಿನಗ ಗೊತ್ತೈತಿ.”

“ಗೊತ್ತೈತಿ ಅತ್ತಿ. ನನಗ ಗೊತ್ತಿದ್ರ ಸಾಕಲ್ರಿ?”

“ನೀ ಹೇಳ್ತೇನಿ ಅಂದಿದ್ದಿ.”

“ಈಗ ಹೇಳಿದ್ರ ಮಂದಿ ನನಗ ಉಗುಳ್ತಾರ. ಇಷ್ಟ ದಿನ ಸುಳ್ಳ ಅಳಾಕತ್ತಿದ್ಲು ಅಂತಾರ. ಕೂಸಿನ ತಾಯಿ ಮಕಕ್ಕ ಉಗುಳಿಸ್ತೀರೇನ? ನಿಮಗ ಹೆಂಗೂ ಅಂದ ಬಿಟ್ಟಾರ.”

ಒಳಗೆ ಕೂಸು ಅತ್ತಿತು. ಹಸಿವಿನ ಅಳುವಲ್ಲ, ಮೈ ಬಿಗಿದು, ನೀರು ಬೇಡುವ ಅಳು. ಇಪ್ಪತ್ತು ವರ್ಷ ಕೇಳಿದ ಕಿವಿಗೆ ಅಷ್ಟು ತಿಳಿಯದೇ? ಸೀತವ್ವ ಏಳಲು ಹೋದಳು. ಜಯಮಾಲಾ ಬಾಗಿಲು ಬಿಡಲಿಲ್ಲ.

“ಹಚ್ಚು,” ಎಂದಳು ಸೀತವ್ವ.

ಮೊದಲ ಸಲ ಅಂದಾಗ ದನಿ ಸಣ್ಣದಾಯಿತು ಎಂದು ಮುತ್ತುರಾಜ ನಿಲ್ಲಿಸಿದ. ಎರಡನೆಯ ಸಲ ಹೊರಗೆ ಟ್ರ್ಯಾಕ್ಟರ್ ಹಾಯ್ದು ಹೋಯಿತು. ಒಳಗಿನ ಅಳು ಏರುತ್ತಲೇ ಇತ್ತು. ಮೂರನೆಯ ಸಲ ಸೀತವ್ವನಿಗೆ ತಡೆಯಲಾಗಲಿಲ್ಲ. “ಬಯಕಿ ಬುತ್ತಿ ಚೆಲ್ಲಿದ್ದು ನನ್ನ ತಪ್ಪು,” ಎನ್ನುವಷ್ಟರಲ್ಲಿ ಕಣ್ಣೀರು ಕಟ್ಟೆಯೊಡೆದು ಹರಿಯಿತು, ಉಳಿದ ಮಾತು ಬಿಕ್ಕುವುದರಲ್ಲಿ ಹೋಯಿತು. ಯಾರೂ ನಿಲ್ಲಿಸೆನ್ನಲಿಲ್ಲ. ಮುತ್ತುರಾಜ ಹೆಬ್ಬೆರಳು ಎತ್ತಿ ತೋರಿಸಿದ. “ಯವ್ವಾ, ಇಷ್ಟ ಚಲೋ ನೀ ಎಂದೂ ಮಾಡಿದ್ದಿಲ್ಲ!”

ಆಮೇಲೆ ಕೂಸು ಅವಳ ಕಾಲ ಮೇಲೆ ಬಂತು. ಎಣ್ಣೆಯ ಕೈ ಬೆನ್ನಿಗೆ ತಾಗಿದ್ದೇ ಅಳು ನಿಂತಿತು. ಸೀತವ್ವ ಕತ್ತಿಗೆ ಬೆರಳಾಸರೆ ಕೊಟ್ಟು, ಅಂಗಾಲಿನಿಂದ ನೆತ್ತಿಯ ತನಕ ಅವಸರವಿಲ್ಲದೆ ನೀರು ಹಾಕಿದಳು. ಬೀಗತಿಯೇ ಬಾಯಿ ಬಿಟ್ಟು ನೋಡಿದಳು, ಐದು ವಾರದಲ್ಲಿ ಆ ಕೂಸು ಬಚ್ಚಲಲ್ಲಿ ಅಳದೆ ಇದ್ದದ್ದು ಅದೇ ಮೊದಲು. ಆ ಅರ್ಧ ತಾಸು ಸೀತವ್ವನಿಗೆ ಫೋನು ನೆನಪಾಗಲಿಲ್ಲ, ಬುತ್ತಿ ನೆನಪಾಗಲಿಲ್ಲ. ಅವಳು ಸುಖವಾಗಿದ್ದಳು. ಸಂಜೆಯ ಬಸ್ಸಿಗೆ ಮಗನ ಜೊತೆ ತಿರುಗಿ ಬಂದಳು.

ಮೂರನೆಯ ದಿನ ಮುಂಜಾನೆ ಸೆರಗು ಬಿಗಿದು, ಉಳಿದ ಎಣ್ಣೆ ಹಿಡಿದು ಬಾಳಮ್ಮನ ಮನೆಗೆ ಹೋದಳು. ಒಳಗಿನ ಬಚ್ಚಲಿನಿಂದ ಹೊಗೆ ಬರುತ್ತಿತ್ತು. ಬಾಳಮ್ಮ ಹೊಸ್ತಿಲಿಗೆ ಬಂದಳು, ಬಾ ಎನ್ನಲಿಲ್ಲ.

“ಮತ್ತೊಬ್ಬಾಕಿನ ಕರದೇನಿ ಸೀತವ್ವ.”

“ಯಾಕ ಬಾಳಮ್ಮ? ಮೊದಲನೇ ನೀರು ನಂದ ಅಂದಿದ್ದಿ.”

“ಅಂದಿದ್ದೆ. ನಲ್ಲಿ ಮುಂದ ನಿನ್ನ ಸಲವಾಗಿ ಊರ ಮಂದಿ ಕೂಡ ಜಗಳಾಡೇನಿ. ಮೊನ್ನಿ ನೀನ ಹೇಳೀದಿಯಲ್ಲವಾ, ನಿನ್ನ ಬಾಯಿಲೆ. ನೀರಿಗಿ ಬಂದ ಹೆಣಮಕ್ಕಳು ಫೋನ ನನ್ನ ಮಾರಿಗಿ ಹಿಡದು ತೋರಿಸಿದ್ರು.”

“ಅದು ಸುಳ್ಳ ಬಾಳಮ್ಮ! ಕೂಸಿನ ಸಲವಾಗಿ ಅಂದೆ. ಹೇಳಿಕೊಟ್ಟಿದ್ದು ಅಂದೆ.”

ಬಾಳಮ್ಮ ಅವಳ ಮುಖವನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸೀತವ್ವ ತಡೆದುಕೊಳ್ಳುತ್ತಿದ್ದಳು.

“ನನ್ನ ಮಾರಿ ನೋಡಿ ಹೇಳು. ಅತ್ತಿದ್ದೂ ಸುಳ್ಳೇನ?”

ಸೀತವ್ವನಿಗೆ ಜೀವಮಾನದಲ್ಲಿ ಸುಳ್ಳು ಹೇಳಲು ಬಂದಿರಲಿಲ್ಲ. ಯಾರಾದರೂ ಹೇಳಿಕೊಟ್ಟರೆ ಮಾತ್ರ ಹೇಳುತ್ತಿದ್ದಳು. ಈಗ ಹೇಳಿಕೊಡುವವರು ಯಾರೂ ಹತ್ತಿರ ಇರಲಿಲ್ಲ.

“ಅತ್ತಿದ್ದು ಖರೇ,” ಎಂದಳು.

“ಹಂಗಾದ್ರ ಮುಗೀತಲ್ಲವಾ.”

ಒಳಗೆ ಎಳೆಯ ಕೂಸು ಚಿಟ್ಟನೆ ಚೀರಿತು. ನೀರ ಬಿಸಿ ಹೆಚ್ಚಾಗಿದೆ ಎಂದು ಸೀತವ್ವನಿಗೆ ಹೊರಗಿನಿಂದಲೇ ಗೊತ್ತಾಯಿತು. “ಬಾಳಮ್ಮ, ತಣ್ಣೀರ ಬೆರಸಂತ ಹೇಳು,” ಎಂದಳು. ಬಾಳಮ್ಮ ಬಾಗಿಲು ಹಾಕಿಕೊಂಡಳು.